ಟವರ್ ಇರುವ ಫೀಲ್ಡಾ, ಇಲ್ಲದ್ದಾ? ಅಮೆರಿಕದಲ್ಲಿ ವಿಮಾನ ಕಲಿಯುವವರಿಗೆ ಏರ್‌ಸ್ಪೇಸ್ ಲೆಕ್ಕ

ಅಮೆರಿಕಕ್ಕೆ ಹೋಗಿ ಪೈಲಟ್ ಆಗಬೇಕು ಅಂತ ಹೊರಟ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಮೂರೇ ಪ್ರಶ್ನೆ. ಫೀಸು ಎಷ್ಟು, ರೂಮಿನ ಬಾಡಿಗೆ ಎಷ್ಟು, ಎಷ್ಟು ತಿಂಗಳಲ್ಲಿ ಮುಗಿಯುತ್ತದೆ. ಆ ಸ್ಕೂಲಿನ ಮೇಲಿನ ಆಕಾಶ ಯಾವ ಕ್ಲಾಸಿನದು ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ನನ್ನ ಕಾಲದಲ್ಲಿ ನಾನೂ ಕೇಳಿರಲಿಲ್ಲ. ಆದರೆ ಮೂರನೇ ಪ್ರಶ್ನೆಗೆ ಉತ್ತರ ಅಡಗಿರುವುದೇ ಅಲ್ಲಿ. ರನ್‌ವೇ ಪಕ್ಕದಲ್ಲಿ ಇಂಜಿನ್ ಓಡಿಸಿಕೊಂಡು ಎಷ್ಟು ಹೊತ್ತು ಕಾಯುತ್ತೀರಿ, ಮೋಡ ಕೆಳಗಿರುವ ದಿನ ಹಾರುತ್ತೀರೋ ಕ್ಯಾಂಟೀನಿನಲ್ಲಿ ಕೂರುತ್ತೀರೋ, ಸೋಲೋಗೆ (ಒಬ್ಬರೇ ಹಾರುವುದಕ್ಕೆ) ಎಷ್ಟು ಎಂಡಾರ್ಸ್‌ಮೆಂಟ್ (ಇನ್‌ಸ್ಟ್ರಕ್ಟರ್ ಬರೆದುಕೊಡುವ ಒಪ್ಪಿಗೆ) ಬೇಕು, ಎಲ್ಲವನ್ನೂ ಏರ್‌ಸ್ಪೇಸ್ ಮತ್ತು ಹವಾಮಾನ ಸೇರಿ ತೀರ್ಮಾನ ಮಾಡುತ್ತವೆ.

ಹಾಗಾಗಿ ಸ್ಕೂಲು ಆರಿಸುವ ಮೊದಲು ಆಕಾಶ ಆರಿಸಿ.

ಅಕ್ಷರಗಳು ಹೇಳುವುದು ಏನನ್ನು

ಅಮೆರಿಕದಲ್ಲಿ ಆಕಾಶವನ್ನು ಅಕ್ಷರಗಳ ಕ್ಲಾಸುಗಳಾಗಿ ವಿಂಗಡಿಸುವ ಈಗಿನ ಪದ್ಧತಿ ಬಂದದ್ದು 1993ರ ಸೆಪ್ಟೆಂಬರ್‌ನಲ್ಲಿ. ಎ, ಬಿ, ಸಿ, ಡಿ, ಇ, ಜಿ. ಎಫ್ ಅಲ್ಲಿ ಇಲ್ಲ. ಎ ಕ್ಲಾಸ್ 18,000 ಅಡಿಯಿಂದ ಶುರು, ಅಲ್ಲಿ ವಿಎಫ್‌ಆರ್ (ಕಣ್ಣಿನಿಂದ ಹೊರಗೆ ನೋಡಿಕೊಂಡು ಹಾರುವ) ಹಾರಾಟವೇ ಇಲ್ಲ, ಅದನ್ನು ಸದ್ಯಕ್ಕೆ ಮರೆತುಬಿಡಿ. ಬಿ ಅಂದರೆ ದೊಡ್ಡ ಏರ್‌ಪೋರ್ಟುಗಳ ಸುತ್ತ, ತಲೆಕೆಳಗಾದ ಮದುವೆ ಕೇಕಿನ ಹಾಗೆ ಮೇಲೆ ಹೋದಂತೆ ಅಗಲವಾಗುವ ಜಾಗ. ಸಿ ಅದರ ತಮ್ಮ. ಡಿ ಅಂದರೆ ಟವರ್ (ಕಂಟ್ರೋಲರ್ ಕೂತು ವಿಮಾನಗಳಿಗೆ ದಾರಿ ಹೇಳುವ ಗೋಪುರ) ಇರುವ ಚಿಕ್ಕ ಫೀಲ್ಡು, ಅಂದರೆ ಚಿಕ್ಕ ಏರ್‌ಪೋರ್ಟು, ಸಾಮಾನ್ಯವಾಗಿ ನೆಲದಿಂದ 2,500 ಅಡಿವರೆಗೆ. ಉಳಿದ ಜಾಗದಲ್ಲಿ ಕೆಳಗಿನ ತೆಳು ಪದರ ಜಿ, ಅದರ ಮೇಲೆಲ್ಲ ಇ.

ಎಲ್ಲರೂ ಇಲ್ಲಿಂದ ನೇರ ಹವಾಮಾನದ ಕೋಷ್ಟಕ ಬಾಯಿಪಾಠ ಮಾಡಲು ಹೋಗುತ್ತಾರೆ. ಅಲ್ಲೇ ಯಡವಟ್ಟು. ಕೋಷ್ಟಕವನ್ನು ಬಾಯಿಪಾಠ ಮಾಡಿದವನು ಪರೀಕ್ಷೆಯ ಮಾರನೇ ದಿನ ಮರೆಯುತ್ತಾನೆ. ಒಂದು ಪ್ರಶ್ನೆ ಇಟ್ಟುಕೊಂಡು ಓದಿದರೆ ನೆನಪು ಉಳಿಯುತ್ತದೆ: ಇಲ್ಲಿ ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ?

ಬಿ ಕ್ಲಾಸಿನಲ್ಲಿ ಕಂಟ್ರೋಲರ್ ಎಲ್ಲರನ್ನೂ ಎಲ್ಲರಿಂದಲೂ ದೂರ ಇಡುತ್ತಾನೆ. ಆದ್ದರಿಂದ ನಿಮಗೆ ಬೇಕಾದದ್ದು 3 ಮೈಲಿ ವಿಸಿಬಿಲಿಟಿ (ಕಣ್ಣಿಗೆ ಕಾಣುವ ದೂರ), ಮೋಡದೊಳಗೆ ಹೋಗದಿದ್ದರೆ ಸಾಕು. ಮೋಡದ ಅಂಚನ್ನು ಸವರಿಕೊಂಡು ಹೋದರೂ ನಿಯಮಕ್ಕೆ ತೊಂದರೆಯಿಲ್ಲ. ಡಿ ಮತ್ತು ಇ ಕ್ಲಾಸಿನಲ್ಲಿ ನಿಮ್ಮನ್ನು ಐಎಫ್‌ಆರ್ (ಉಪಕರಣ ನೋಡಿಕೊಂಡು ಮೋಡದೊಳಗೂ ಹಾರುವ) ವಿಮಾನದಿಂದ ದೂರ ಇಡುವ ಹೊಣೆ ಯಾರಿಗೂ ಇಲ್ಲ. ಮೋಡದೊಳಗಿಂದ ಒಂದು ಜೆಟ್ ಹೊರಬಂದರೆ ನಿಮ್ಮಿಬ್ಬರ ಕಣ್ಣೇ ಗತಿ. ಅದಕ್ಕೇ ಮೋಡಕ್ಕೂ ನಿಮಗೂ ನಡುವೆ ಅಂತರ ಬೇಕು: 3 ಮೈಲಿ ವಿಸಿಬಿಲಿಟಿ, ಮೋಡದ ಕೆಳಗಿದ್ದರೆ 500 ಅಡಿ, ಮೇಲಿದ್ದರೆ 1,000 ಅಡಿ, ಪಕ್ಕಕ್ಕಿದ್ದರೆ 2,000 ಅಡಿ. ಅಮೆರಿಕದ ಹುಡುಗರು ಇದನ್ನು ‘ಮೂರು ಸೆಸ್ನಾ 152’ ಅಂತ ನೆನಪಿಡುತ್ತಾರೆ (ಸೆಸ್ನಾ 152 ಒಂದು ಚಿಕ್ಕ ತರಬೇತಿ ವಿಮಾನ). 3, ಆಮೇಲೆ 1, 5, 2.

ಶಿರಾಡಿ ಘಾಟಿಯಲ್ಲಿ ಮಂಜು ಬಿದ್ದಾಗ ಎದುರಿನ ಬಸ್ಸಿನ ಲೈಟು ಕಾಣುವ ಹೊತ್ತಿಗೆ ಬಸ್ಸೇ ಪಕ್ಕದಲ್ಲಿರುತ್ತದೆ, ಅಲ್ವಾ? ಅದೇ ಲೆಕ್ಕ. 90 ನಾಟ್ ವೇಗದಲ್ಲಿ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಹೋಗುವ ಎರಡು ಸೆಸ್ನಾಗಳು ಎದುರುಬದುರಾದರೆ 3 ಮೈಲಿ ಅಂತರ 52 ಸೆಕೆಂಡಿನಲ್ಲಿ ಮುಗಿಯುತ್ತದೆ. 1 ಮೈಲಿ ಆದರೆ ಹೆಚ್ಚುಕಡಿಮೆ 17 ಸೆಕೆಂಡು. ಎದುರಿಗೆ ಬರುವುದು 250 ನಾಟ್‌ನ ಜೆಟ್ ಆದರೆ 3 ಮೈಲಿಗೂ ಅರ್ಧ ನಿಮಿಷ ಸಿಗುವುದಿಲ್ಲ. 10,000 ಅಡಿಯ ಮೇಲೆ ಆ 250 ನಾಟ್ ಮಿತಿಯೂ ಇಲ್ಲ. ಅಲ್ಲಿ ಇ ಕ್ಲಾಸಿನ ನಿಯಮ 5 ಮೈಲಿ, ಮೇಲೆ ಕೆಳಗೆ ತಲಾ 1,000 ಅಡಿ, ಪಕ್ಕಕ್ಕೆ 1 ಮೈಲಿ ಅಂತ ಯಾಕೆ ಹಿಗ್ಗಿತು ಅಂತ ಈಗ ಬೇರೆ ಹೇಳಬೇಕಿಲ್ಲ.

ಸಿ ಕ್ಲಾಸ್ ನನ್ನ ಈ ಲೆಕ್ಕಕ್ಕೆ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಕಂಟ್ರೋಲರ್ ನಿಮ್ಮನ್ನು ಐಎಫ್‌ಆರ್ ವಿಮಾನದಿಂದ ದೂರ ಇಡುತ್ತಾನೆ, ಆದರೂ ಮೋಡದ ಅಂತರ ಡಿ ಕ್ಲಾಸಿನದ್ದೇ. ಒಂದನ್ನು ಬಾಯಿಪಾಠ ಮಾಡಿಬಿಡಿ, ಪರವಾಗಿಲ್ಲ.

ಜಿ ಕ್ಲಾಸಿನ ಆಸೆ

ಈಗ ಮುಖ್ಯ ಹೋಲಿಕೆಗೆ ಬರೋಣ. ನೆಲದಿಂದ 1,200 ಅಡಿಯೊಳಗಿನ ಜಿ ಕ್ಲಾಸಿನಲ್ಲಿ ಹಗಲು ಹಾರಾಟಕ್ಕೆ 1 ಮೈಲಿ ವಿಸಿಬಿಲಿಟಿ ಸಾಕು, ಮೋಡದ ಹೊರಗಿದ್ದರೆ ಆಯಿತು. ಇದನ್ನು ಓದಿದ ಕೂಡಲೇ ಅನ್ನಿಸುವುದೇನು? ಟವರ್ ಇಲ್ಲದ ಹಳ್ಳಿ ಫೀಲ್ಡಿಗೆ ಸೇರಿದರೆ ಹವಾ ಕೆಟ್ಟಿದ್ದರೂ ಹಾರಬಹುದು, ಬೇಗ ಗಂಟೆ ತುಂಬುತ್ತದೆ. ನನ್ನ ರೂಮ್‌ಮೇಟ್ ಇದೇ ವಾದ ಮಾಡುತ್ತಿದ್ದ. ಕಾಗದದ ಮೇಲೆ ಅವನ ಮಾತು ಸರಿ.

ಆದರೆ ಎರಡು ತೊಡಕಿವೆ.

ಮೊದಲನೆಯದು, ಆ 1 ಮೈಲಿ ಸೋಲೋ ಹಾರುವ ಸ್ಟೂಡೆಂಟ್ ಪೈಲಟ್‌ಗೆ ಇಲ್ಲವೇ ಇಲ್ಲ. ಸ್ಟೂಡೆಂಟ್ ಆಗಿ ನೀವೇ ಕಮಾಂಡ್‌ನಲ್ಲಿದ್ದರೆ ಹಗಲು 3 ಮೈಲಿ, ರಾತ್ರಿ 5 ಮೈಲಿ ವಿಸಿಬಿಲಿಟಿ ಬೇಕೇ ಬೇಕು. ಕ್ಲಾಸ್ ಯಾವುದಾದರೂ ಸರಿ. ನೆಲ ಕಾಣುತ್ತಿರಬೇಕು, ಅಂದರೆ ಮೋಡದ ಹಾಸಿಗೆಯ ಮೇಲೆ ಹಾರುವುದೂ ಇಲ್ಲ. ಇದಕ್ಕೂ ಬಿಗಿಯಾದ ಮಿತಿಯನ್ನು ಇನ್‌ಸ್ಟ್ರಕ್ಟರ್ ನಿಮ್ಮ ಲಾಗ್‌ಬುಕ್ಕಿನಲ್ಲಿ ಬರೆದರೆ ಅದನ್ನೂ ಮೀರುವಂತಿಲ್ಲ.

ಎರಡನೆಯದು ಇನ್ನೂ ಸ್ವಾರಸ್ಯ. ಇನ್‌ಸ್ಟ್ರುಮೆಂಟ್ ಅಪ್ರೋಚ್ (ಉಪಕರಣ ನೋಡಿಕೊಂಡು ಇಳಿಯುವ ದಾರಿ) ಇರುವ, ಟವರ್ ಇಲ್ಲದ ಫೀಲ್ಡುಗಳಲ್ಲಿ ಜಿ ಕ್ಲಾಸ್ ಸಾಮಾನ್ಯವಾಗಿ 700 ಅಡಿಗೆ ಮುಗಿದುಹೋಗುತ್ತದೆ. ಸೆಕ್ಷನಲ್ ಚಾರ್ಟಿನಲ್ಲಿ (ಪೈಲಟ್‌ಗಳು ಬಳಸುವ ನಕ್ಷೆಯಲ್ಲಿ) ಫೀಲ್ಡಿನ ಸುತ್ತ ಮಾಸಲು ಕೆನ್ನೇರಳೆ ಪಟ್ಟಿ ಕಾಣುತ್ತದಲ್ಲ, ಅದರ ಅರ್ಥ ಇದೇ. ನೀವು ಪ್ಯಾಟರ್ನ್ (ಎದ್ದು ಇಳಿಯಲು ರನ್‌ವೇ ಪಕ್ಕ ಹಾಕುವ ಸುತ್ತು) ಹಾರುವುದು ಎಷ್ಟು ಎತ್ತರದಲ್ಲಿ? ಸುಮಾರು 1,000 ಅಡಿ. ಅಂದರೆ ಟೇಕಾಫ್ ಆದ ಒಂದೆರಡು ನಿಮಿಷದಲ್ಲಿ ನೀವು ಇ ಕ್ಲಾಸಿನೊಳಗೆ. ಅಲ್ಲಿ ಮತ್ತೆ 3 ಮೈಲಿ, ಮತ್ತೆ ಮೋಡಕ್ಕಿಂತ 500 ಅಡಿ ಕೆಳಗೆ. ಲೆಕ್ಕ ಹಾಕಿ, ಮೋಡದ ತಳ 1,500 ಅಡಿ ಇದ್ದರೆ ಮಾತ್ರ 1,000 ಅಡಿಯ ಪ್ಯಾಟರ್ನ್ ಸಾಧ್ಯ.

ಟವರ್ ಇರುವ ಡಿ ಫೀಲ್ಡಿನ ಕಥೆ ಏನು? ವಿಎಫ್‌ಆರ್‌ಗೆ ಸೀಲಿಂಗ್ (ಮೋಡದ ತಳದ ಎತ್ತರ) 1,000 ಅಡಿ, ವಿಸಿಬಿಲಿಟಿ 3 ಮೈಲಿ ಇರಬೇಕು. ಆದರೆ ಮೋಡದಿಂದ 500 ಅಡಿ ಕೆಳಗಿರುವ ನಿಯಮ ಅಲ್ಲೂ ಇದೆ. ಹಾಗಾಗಿ ಅಲ್ಲೂ ಪೂರ್ತಿ ಎತ್ತರದ ಪ್ಯಾಟರ್ನ್‌ಗೆ 1,500 ಅಡಿಯೇ. ಸ್ಟೂಡೆಂಟ್ ಮಟ್ಟಿಗೆ ಡಿ ಮತ್ತು ಜಿ ನಡುವೆ ಹವಾಮಾನದ ಲಾಭ ಇಷ್ಟೇ: ಸೊನ್ನೆ. ನನ್ನ ರೂಮ್‌ಮೇಟ್‌ಗೆ ಇದನ್ನು ಪೇಪರ್ ನ್ಯಾಪ್ಕಿನ್ ಮೇಲೆ ಬರೆದು ತೋರಿಸಿದ್ದೆ. ಅವನು ಎರಡು ದಿನ ಮಾತಾಡಲಿಲ್ಲ.

ಸ್ಪೆಷಲ್ ವಿಎಫ್‌ಆರ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಟವರ್ ಅನುಮತಿ ಕೊಟ್ಟರೆ 1 ಮೈಲಿ ವಿಸಿಬಿಲಿಟಿಯಲ್ಲಿ ಮೋಡದ ಹೊರಗೆ ಹಾರಬಹುದು, ನಿಜ. ಲೈಸೆನ್ಸ್ ಆದ ಪೈಲಟ್‌ಗೆ ಅದು ಒಳ್ಳೆಯ ಸಾಧನ. ಸೋಲೋ ಸ್ಟೂಡೆಂಟ್‌ಗೆ ಆ 3 ಮೈಲಿ ನಿಯಮ ಅಡ್ಡ ಬರುತ್ತದೆ. ರಾತ್ರಿಯಂತೂ ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲದೆ ಸ್ಪೆಷಲ್ ವಿಎಫ್‌ಆರ್ ಇಲ್ಲ.

ಹಾಗಾದರೆ ಡಿ ಮತ್ತು ಜಿ ನಡುವೆ ಆರಿಸುವುದು ಯಾವ ಆಧಾರದ ಮೇಲೆ? ನನ್ನ ಪ್ರಕಾರ ಎರಡು: ರೇಡಿಯೋ ಮತ್ತು ಹಾಬ್ಸ್ ಮೀಟರ್ (ಇಂಜಿನ್ ಓಡಿದ ಹೊತ್ತು ಎಣಿಸುವ, ಬಾಡಿಗೆ ಲೆಕ್ಕದ ಮೀಟರ್).

ಟವರ್ ಇಲ್ಲದ ಫೀಲ್ಡಿನಲ್ಲಿ ನೀವೇ ನಿಮ್ಮ ಜಾಗ ಹೇಳಿಕೊಂಡು ಬರಬೇಕು. ಘಾಟಿಯ ತಿರುವಿನಲ್ಲಿ ಹಾರ್ನ್ ಹೊಡೆದ ಹಾಗೆ. ಕೇಳುವವರು ಇದ್ದಾರೋ ಇಲ್ಲವೋ, ನೀವು ಹೊಡೆಯಬೇಕು. ಅಲ್ಲಿ ರೇಡಿಯೋ ಇಲ್ಲದ ಹಳೇ ವಿಮಾನವೂ ಬರಬಹುದು, ಅದಕ್ಕೆ ಹಕ್ಕಿದೆ. ಹಾಗಾಗಿ ಜಿ ಫೀಲ್ಡಿನಲ್ಲಿ ಕಲಿತವರು ಸದಾ ಕತ್ತು ತಿರುಗಿಸಿ ಹೊರಗೆ ನೋಡುತ್ತಾರೆ. ಲ್ಯಾಂಡಿಂಗ್ ಅಭ್ಯಾಸಕ್ಕೂ ಅದು ಒಳ್ಳೇ ಜಾಗ, ಒಂದು ಗಂಟೆ ಬಾಡಿಗೆಗೆ ಒಂದು ಗಂಟೆ ಹಾರಾಟ ಸಿಗುತ್ತದೆ.

ಡಿ ಫೀಲ್ಡಿನಲ್ಲಿ ಕಂಟ್ರೋಲರ್ ಸಾಲು ನಿಲ್ಲಿಸುತ್ತಾನೆ, ನೀವು ಎಷ್ಟನೆಯವರು ಅಂತ ಹೇಳುತ್ತಾನೆ. ರೇಡಿಯೋ ಇಂಗ್ಲಿಷ್ ಕಿವಿಗೆ ಬೇಗ ಬೀಳುತ್ತದೆ. ಕನ್ನಡ ಮೀಡಿಯಮ್ಮಿನಿಂದ ಬಂದ ನನ್ನಂಥವರಿಗೆ ಇದು ಸಣ್ಣ ವಿಷಯ ಅಲ್ಲ. ಮೊದಲ ಎರಡು ವಾರ ಕಂಟ್ರೋಲರ್ ಹೇಳಿದ್ದು ನನಗೆ ಸಂತೆಯ ಗದ್ದಲದ ಹಾಗೆ ಕೇಳಿಸುತ್ತಿತ್ತು. ಮೂರನೇ ವಾರ ನನ್ನ ವಿಮಾನದ ನಂಬರ್ ಬಂದಾಗ ಮಾತ್ರ ಕಿವಿ ನಿಮಿರತೊಡಗಿತು. ಬೆಲೆ ಮಾತ್ರ ಇದೆ: ಬೆಳಗ್ಗೆ ಎಂಟಕ್ಕೆ ಹತ್ತು ಸ್ಕೂಲ್ ವಿಮಾನ ಒಟ್ಟಿಗೆ ಹೊರಟರೆ ಇಂಜಿನ್ ಓಡುತ್ತಿರುತ್ತದೆ, ಹಾಬ್ಸ್ ತಿರುಗುತ್ತಿರುತ್ತದೆ, ನೀವು ನೆಲದ ಮೇಲೇ ಇರುತ್ತೀರಿ.

ಏರ್‌ಲೈನ್ ಗುರಿ ಇದ್ದರೆ ನಾನು ಡಿ ಫೀಲ್ಡೇ ಹೇಳುತ್ತೇನೆ. ಹದಿನೈದು ಇಪ್ಪತ್ತು ಮೈಲಿಯೊಳಗೆ ಒಂದೆರಡು ಜಿ ಫೀಲ್ಡು ಇರಬೇಕು ಅನ್ನುವ ಷರತ್ತಿನ ಮೇಲೆ.

ಸಿ ಮತ್ತು ಬಿ: ಒಳಗಾ, ಪಕ್ಕದಲ್ಲಾ?

ಸಿ ಕ್ಲಾಸಿನ ಫೀಲ್ಡಿನಲ್ಲೇ ಕಲಿಯುವವರೂ ಇದ್ದಾರೆ. ಫ್ಲೋರಿಡಾದ ಡೇಟೋನಾ ಬೀಚ್ ಅಂಥದ್ದು. ಸಾಮಾನ್ಯವಾಗಿ ಒಳಗಿನ ವೃತ್ತ 5 ನಾಟಿಕಲ್ ಮೈಲಿ ನೆಲದಿಂದಲೇ, ಹೊರಗಿನದು 10 ಮೈಲಿ 1,200 ಅಡಿಯಿಂದ, ಎರಡೂ ಏರ್‌ಪೋರ್ಟಿಗಿಂತ ಸುಮಾರು 4,000 ಅಡಿ ಮೇಲಿನವರೆಗೆ. ಟ್ರಾನ್ಸ್‌ಪಾಂಡರ್ (ರೇಡಾರಿಗೆ ವಿಮಾನದ ಗುರುತು ಕಳಿಸುವ ಉಪಕರಣ) ಬೇಕು, 2020ರಿಂದ ಎಡಿಎಸ್-ಬಿ ಔಟ್ (ವಿಮಾನ ಎಲ್ಲಿದೆ ಅಂತ ತಾನೇ ಸಾರುವ ಉಪಕರಣ) ಕೂಡ ಬೇಕು.

ಒಳಗೆ ಹೋಗುವ ಮೊದಲು ಎರಡೂ ಕಡೆಯ ಮಾತು ಕೂಡಿರಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಕಂಟ್ರೋಲರ್ ನಿಮ್ಮ ವಿಮಾನದ ನಂಬರ್ ಹೇಳಿ ‘ಸ್ಟ್ಯಾಂಡ್‌ಬೈ’ ಅಂದರೆ ನೀವು ಒಳಗೆ ಹೋಗಬಹುದು. ನಂಬರ್ ಹೇಳದೆ ‘ಏರ್‌ಕ್ರಾಫ್ಟ್ ಕಾಲಿಂಗ್, ಸ್ಟ್ಯಾಂಡ್‌ಬೈ’ ಅಂದರೆ ಹೋಗುವಂತಿಲ್ಲ. ನಾನು ಒಂದು ಸಲ ಈ ಎರಡನೆಯದನ್ನು ಕೇಳಿ, ಉತ್ತರ ಬಂತಲ್ಲ ಅಂತ ಖುಷಿಯಿಂದ ನೇರ ಹೋಗುತ್ತಿದ್ದೆ. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಒಂದೂ ಮಾತಾಡದೆ ಕಂಟ್ರೋಲ್ ತಗೊಂಡು ಇಡೀ ವೃತ್ತ ತಿರುಗಿಸಿದರು. ಆಮೇಲೆ ಕೆಳಗಿಳಿದ ಮೇಲೂ ಅದರ ಬಗ್ಗೆ ಒಂದೂ ಮಾತಾಡಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಬಿ ಕ್ಲಾಸಿಗೆ ಇಷ್ಟು ಸಾಲದು. ಸ್ಪಷ್ಟ ಕ್ಲಿಯರೆನ್ಸ್ ಕಿವಿಗೆ ಬೀಳಬೇಕು. ಸೋಲೋ ಸ್ಟೂಡೆಂಟ್‌ಗೆ ಅದೇ ಬಿ ಏರ್‌ಸ್ಪೇಸ್‌ನಲ್ಲಿ ತರಬೇತಿ ಆಗಿರಬೇಕು, ಹಿಂದಿನ 90 ದಿನದೊಳಗೆ ಇನ್‌ಸ್ಟ್ರಕ್ಟರ್ ಬರೆದ ಎಂಡಾರ್ಸ್‌ಮೆಂಟ್ ಇರಬೇಕು. ಲಾಸ್ ಏಂಜಲೀಸ್, ಮಯಾಮಿ, ಅಟ್ಲಾಂಟಾ, ಸ್ಯಾನ್ ಫ್ರಾನ್ಸಿಸ್ಕೋ ಮುಂತಾದ ಕೆಲವು ಏರ್‌ಪೋರ್ಟುಗಳಲ್ಲಂತೂ ಸೋಲೋ ಸ್ಟೂಡೆಂಟ್ ಇಳಿಯುವುದೇ ನಿಷಿದ್ಧ.

ಹಾಗಂತ ಬಿ ಪಕ್ಕದ ಸ್ಕೂಲು ಬೇಡ ಅನ್ನಬೇಡಿ. ಫೀನಿಕ್ಸ್ ನೋಡಿ. ನಡುವೆ ಸ್ಕೈ ಹಾರ್ಬರ್, ಅದರ ಬಿ ಕ್ಲಾಸ್. ಸುತ್ತ ಡಿಯರ್ ವ್ಯಾಲಿ, ಚಾಂಡ್ಲರ್, ಫಾಲ್ಕನ್ ಫೀಲ್ಡ್, ಗುಡ್‌ಇಯರ್ ಅಂತ ಡಿ ಫೀಲ್ಡುಗಳ ಮಾಲೆ. ಇಲ್ಲಿ ಕಲಿಯುವವರಿಗೆ ದಿನಾ ಒಂದೇ ಆಯ್ಕೆ: ಬಿ ಚಾವಣಿಯ ಕೆಳಗೆ ನುಸುಳುವುದಾ, ಸುತ್ತಿ ಹೋಗುವುದಾ, ಅನುಮತಿ ಕೇಳಿ ಒಳಗೇ ಹೋಗುವುದಾ? ಕೆಳಗೆ ನುಸುಳುವುದು ಸುಲಭ ಅನ್ನಿಸುತ್ತದೆ. ಆದರೆ ಎಲ್ಲರಿಗೂ ಹಾಗೇ ಅನ್ನಿಸುವುದರಿಂದ ಎಲ್ಲರೂ ಅಲ್ಲೇ, ಅದೇ ಎತ್ತರದಲ್ಲಿ ಇರುತ್ತಾರೆ. ಅದು ಇ ಕ್ಲಾಸ್, ಯಾರೂ ಯಾರನ್ನೂ ನೋಡಿಕೊಳ್ಳುತ್ತಿಲ್ಲ. ನನಗೆ ಸುತ್ತಿ ಹೋಗುವುದೇ ಇಷ್ಟ, ಹತ್ತು ನಿಮಿಷ ಜಾಸ್ತಿ ಆದರೂ. ಎಂಡಾರ್ಸ್‌ಮೆಂಟ್ ಇದ್ದರೆ ಅನುಮತಿ ಕೇಳಿ ಒಳಗೆ ಹೋಗಿ ನೋಡಿ. ಹೊರಗಿನಿಂದ ಭಯ ಹುಟ್ಟಿಸುವ ಬಿ ಒಳಗೆ ಅಚ್ಚುಕಟ್ಟು.

ಯಾವ ಊರಿನ ಹವಾ?

ನಿಯಮ ದೇಶಕ್ಕೆಲ್ಲ ಒಂದೇ. ಆದರೆ 3 ಮೈಲಿ ವಿಸಿಬಿಲಿಟಿ ಎಲ್ಲ ಊರಲ್ಲೂ ಒಂದೇ ಸಲೀಸಾಗಿ ಸಿಗುವುದಿಲ್ಲ.

ಅರಿಜೋನಾದಲ್ಲಿ ವರ್ಷದ ಹೆಚ್ಚು ದಿನ ಮೋಡವೇ ಇಲ್ಲ. ಮೋಡದ ಅಂತರ ಅನ್ನುವುದು ಅಲ್ಲಿ ಪುಸ್ತಕದ ವಿಷಯ. ತೊಂದರೆ ಬೇಸಗೆಯದು. 40 ಡಿಗ್ರಿ ದಾಟಿದಾಗ ಗಾಳಿ ತೆಳುವಾಗಿ ವಿಮಾನ ಮೇಲೇರಲು ಒದ್ದಾಡುತ್ತದೆ, ಜುಲೈ ಆಗಸ್ಟ್‌ನಲ್ಲಿ ಧೂಳಿನ ಗೋಡೆ ಎದ್ದರೆ ವಿಸಿಬಿಲಿಟಿ ನಿಮಿಷಗಳಲ್ಲಿ ಹೋಗುತ್ತದೆ. ಅಲ್ಲಿ ಕಲಿತವರಿಗೆ ಇನ್ನೊಂದು ಕೊರತೆ ಇದೆ, ಅದನ್ನು ಅವರೇ ಒಪ್ಪುವುದಿಲ್ಲ: ಮೋಡದಿಂದ 500 ಅಡಿ ಅಂದರೆ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಗೊತ್ತಿರುವುದಿಲ್ಲ.

ಫ್ಲೋರಿಡಾದಲ್ಲಿ ಅದನ್ನು ವಾರದಲ್ಲೇ ಕಲಿಯುತ್ತೀರಿ. ಬೇಸಗೆಯಲ್ಲಿ ಮಧ್ಯಾಹ್ನವಾದರೆ ಗುಡುಗಿನ ಮೋಡ ಬೆಳೆಯುತ್ತವೆ. ಬೆಳಗಿನ ಸ್ಲಾಟ್ ಸಿಕ್ಕವನು ಗೆದ್ದ, ಮಧ್ಯಾಹ್ನದವನ ಪಾಠ ರದ್ದು. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಇದಕ್ಕೆ ಉಲ್ಟಾ. ಮೇ, ಜೂನ್‌ನಲ್ಲಿ ಸಮುದ್ರದಿಂದ ಬಂದ ತಗ್ಗು ಮೋಡ ಬೆಳಗ್ಗೆ ರನ್‌ವೇ ಮೇಲೆ ಕೂತಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಸರಿಯುತ್ತದೆ.

ನನ್ನನ್ನು ಕೇಳಿದರೆ, ಅಕ್ಟೋಬರ್‌ನಲ್ಲಿ ಶುರು ಮಾಡುವುದಾದರೆ ಅರಿಜೋನಾ, ಕಣ್ಣು ಮುಚ್ಚಿಕೊಂಡು. ಮೇ ತಿಂಗಳಲ್ಲಿ ಶುರು ಮಾಡುವವರು ಸ್ಲಾಟ್ ಯಾವಾಗ ಸಿಗುತ್ತದೆ ಅಂತ ಮೊದಲು ಕೇಳಿ, ಆಮೇಲೆ ಊರು ಆರಿಸಿ.

ವಾಪಸ್ ಬಂದ ಮೇಲೆ

ಭಾರತಕ್ಕೆ ಬಂದು ಲೈಸೆನ್ಸ್ ಬದಲಾಯಿಸಿಕೊಳ್ಳುವವರು ಈ ಭಾಗ ಓದಲೇಬೇಕು. ಅಮೆರಿಕದ ಅಂಕೆಗಳನ್ನು ತಲೆಯಲ್ಲಿಟ್ಟುಕೊಂಡು ಪರೀಕ್ಷೆಗೆ ಕೂತು ಎಡವಿದವರನ್ನು ಕಂಡಿದ್ದೇನೆ.

ನಮ್ಮಲ್ಲಿ ವಿಸಿಬಿಲಿಟಿ ಕಿಲೋಮೀಟರಿನಲ್ಲಿ. 10,000 ಅಡಿಯ ಕೆಳಗೆ 5 ಕಿ.ಮೀ., ಮೇಲೆ 8 ಕಿ.ಮೀ. ಅಮೆರಿಕದ 3 ಮತ್ತು 5 ಮೈಲಿಗೆ ಇವು ಹೆಚ್ಚುಕಡಿಮೆ ಸಮ, ಅಲ್ಲಿ ತೊಂದರೆ ಇಲ್ಲ. ಮೋಡದ ಅಂತರದಲ್ಲಿ ವ್ಯತ್ಯಾಸ ಇದೆ. ನಮ್ಮಲ್ಲಿ ಪಕ್ಕಕ್ಕೆ 1,500 ಮೀಟರ್, ಮೇಲೆ ಕೆಳಗೆ ಎರಡೂ ಕಡೆ 1,000 ಅಡಿ. ಅಮೆರಿಕದ 2,000 ಅಡಿ ಅಂದರೆ ಬರೀ 610 ಮೀಟರ್. ಏರ್‌ಪೋರ್ಟಿನ ಕಂಟ್ರೋಲ್ ಝೋನ್‌ನಲ್ಲಿ ಸೀಲಿಂಗ್ 1,500 ಅಡಿಗಿಂತ ಕಡಿಮೆ ಅಥವಾ ವಿಸಿಬಿಲಿಟಿ 5 ಕಿ.ಮೀ.ಗಿಂತ ಕಡಿಮೆ ಇದ್ದರೆ ಎಟಿಸಿ (ಕಂಟ್ರೋಲರ್) ಅನುಮತಿ ಇಲ್ಲದೆ ವಿಎಫ್‌ಆರ್ ವಿಮಾನ ಏಳುವಂತಿಲ್ಲ, ಇಳಿಯುವಂತಿಲ್ಲ. ಅಲ್ಲಿನ 1,000 ಅಡಿ ಇಲ್ಲಿ ನಡೆಯುವುದಿಲ್ಲ.

ರಾತ್ರಿ ವಿಎಫ್‌ಆರ್ ಅಮೆರಿಕದಲ್ಲಿ ಮಾಮೂಲಿ, ಪ್ರೈವೇಟ್ ಲೈಸೆನ್ಸಿಗೇ 3 ಗಂಟೆ ರಾತ್ರಿ ತರಬೇತಿ ಬೇಕು. ಭಾರತದಲ್ಲಿ ಸೂರ್ಯ ಮುಳುಗಿ 20 ನಿಮಿಷ ಆದ ಮೇಲಿನಿಂದ ಹುಟ್ಟುವ 20 ನಿಮಿಷ ಮೊದಲಿನವರೆಗೆ ವಿಎಫ್‌ಆರ್ ಇಲ್ಲ. ಸ್ಥಳೀಯ ಹಾರಾಟಕ್ಕೆ, ಫ್ಲೈಯಿಂಗ್ ಕ್ಲಬ್ ತರಬೇತಿಗೆ ಎಟಿಸಿ ವಿನಾಯಿತಿ ಕೊಟ್ಟರೆ ಬೇರೆ ಮಾತು. ವಿಎಫ್‌ಆರ್‌ಗೆ ಎತ್ತರದ ಮಿತಿಯೂ ಫ್ಲೈಟ್ ಲೆವೆಲ್ 150 (ಸುಮಾರು 15,000 ಅಡಿ). ಅಮೆರಿಕದಲ್ಲಿ ಇ ಕ್ಲಾಸಿನಲ್ಲಿ ಯಾರಿಗೂ ಹೇಳದೆ ತಿರುಗಾಡಿ ಬಂದವರಿಗೆ ಇಲ್ಲಿ ಫ್ಲೈಟ್ ಪ್ಲಾನ್, ಎಫ್‌ಐಸಿ (ಫ್ಲೈಟ್ ಇನ್ಫರ್ಮೇಶನ್ ಸೆಂಟರ್) ನಂಬರ್, ಏರ್ ಡಿಫೆನ್ಸ್ ಕ್ಲಿಯರೆನ್ಸ್ (ವಾಯುಪಡೆಯ ಅನುಮತಿ) ಅಂದಾಗ ಮುಖ ಸಣ್ಣಗಾಗುತ್ತದೆ.

ಬೆಂಗಳೂರಿನ ಜಕ್ಕೂರು ತರಬೇತಿ ಫೀಲ್ಡಿನಲ್ಲಿ ನಿಂತು ನೋಡಿದರೆ ಯಾಕೆ ಅಂತ ಅರ್ಥವಾಗುತ್ತದೆ. ಪಕ್ಕದಲ್ಲೇ ಯಲಹಂಕ ವಾಯುನೆಲೆ, ಉತ್ತರಕ್ಕೆ 2008ರಲ್ಲಿ ತೆರೆದ ಕೆಂಪೇಗೌಡ ನಿಲ್ದಾಣ, ಆಗ್ನೇಯಕ್ಕೆ ಎಚ್‌ಎಎಲ್ ನಿಲ್ದಾಣ. ಚಳಿಗಾಲದ ಬೆಳಗ್ಗೆ ದೇವನಹಳ್ಳಿ ಕಡೆ ಮಂಜು ಬೇರೆ. ಅಷ್ಟು ಇಕ್ಕಟ್ಟಿನಲ್ಲಿ ಕಲಿಯುವುದಕ್ಕಿಂತ ಬಯಲಿನ ಆಕಾಶ ಬೇಕು ಅನ್ನುವವರಿಗೆ ರಾಜ್ಯದಲ್ಲೇ ಬೇರೆ ದಾರಿ ಇದೆ. 2021ರಲ್ಲಿ ಏರ್‌ಪೋರ್ಟ್ಸ್ ಅಥಾರಿಟಿ ತರಬೇತಿ ಸಂಸ್ಥೆಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇವೆ. ಇವೆರಡರಲ್ಲಿ ಹವಾ ನೋಡಿ ಆರಿಸುವುದಾದರೆ ನಾನು ಕಲಬುರಗಿ ಅನ್ನುತ್ತೇನೆ. ಬೆಳಗಾವಿಯ ಮಳೆಗಾಲದಲ್ಲಿ 1,500 ಅಡಿ ಸೀಲಿಂಗಿಗಾಗಿ ಕಾಯುವ ಸುಖ ನಿಮಗೆ ಬೇಡ.

ಫೀಸು ಕಟ್ಟುವ ಮೊದಲು

ಅಮೆರಿಕದ ಸೆಕ್ಷನಲ್ ಚಾರ್ಟುಗಳು ಎಫ್‌ಎಎ (ಅಲ್ಲಿನ ವಿಮಾನಯಾನ ಇಲಾಖೆ) ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಸ್ಕೂಲಿನ ಫೀಲ್ಡು ಹುಡುಕಿ, ಸುತ್ತ 25 ಮೈಲಿ ನೋಡಿ. ತುಂಡು ನೀಲಿ ಗೆರೆ ಡಿ, ಗಟ್ಟಿ ಕೆನ್ನೇರಳೆ ಗೆರೆ ಸಿ, ಗಟ್ಟಿ ನೀಲಿ ಗೆರೆ ಬಿ. ತುಂಡು ಕೆನ್ನೇರಳೆ ಗೆರೆ ಇದ್ದರೆ ಅಲ್ಲಿ ಇ ಕ್ಲಾಸ್ ನೆಲದಿಂದಲೇ ಶುರು, ಟವರ್ ಇಲ್ಲದಿದ್ದರೂ 1,000 ಅಡಿ ಮತ್ತು 3 ಮೈಲಿಯ ನಿಯಮ ಬೇಕು. ಪ್ರಾಕ್ಟೀಸ್ ಏರಿಯಾ ಎಷ್ಟು ದೂರ, ದಾರಿಯಲ್ಲಿ ಯಾವ ಗೆರೆ ದಾಟಬೇಕು ಅಂತ ಪೆನ್ಸಿಲಿನಲ್ಲಿ ಎಳೆದು ನೋಡಿ.

ಆಮೇಲೆ ಸ್ಕೂಲಿಗೆ ಮೇಲ್ ಬರೆಯಿರಿ. ಎಂಜಿನ್ ಶುರುವಾದ ಮೇಲೆ ಟೇಕಾಫ್‌ಗೆ ಸರಾಸರಿ ಎಷ್ಟು ನಿಮಿಷ? ಸೋಲೋಗೆ ಸ್ಕೂಲಿನ ಸ್ವಂತ ಮಿತಿ ಎಷ್ಟು? ಎಷ್ಟೋ ಕಡೆ ಅದು 3 ಮೈಲಿಗಿಂತ ಬಿಗಿ ಇರುತ್ತದೆ, ಇರಲೂಬೇಕು. ಕಳೆದ ಜುಲೈನಲ್ಲಿ ಹವಾಮಾನಕ್ಕೆ ರದ್ದಾದ ಪಾಠ ಎಷ್ಟು? ‘ನಮ್ಮಲ್ಲಿ ವರ್ಷವಿಡೀ ಹವಾ ಚೆನ್ನಾಗಿರುತ್ತದೆ’ ಅಂತ ಉತ್ತರ ಬಂದರೆ ಅದೇ ಪ್ರಶ್ನೆಯನ್ನು ಅಲ್ಲಿ ಈಗ ಓದುತ್ತಿರುವ ಒಬ್ಬ ಸ್ಟೂಡೆಂಟ್‌ಗೆ ಕೇಳಿ.